ಮನೆ ಯಾರದು, ಮತ ಯಾರದು?

(ಬೇಗೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಇಲ್ಲಿಗೆ ಬರೋ ಮುಂಚೆ ಬಸ್ಸು ನಿಲ್ಲೋ ಕಡೆ ಟೀ ಕುಡೀತಾ ಕುಂತಿದ್ದೆವು. ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ಕುಂತಿದ್ದ ಒಬ್ಬ ಅಜ್ಜ ಕೇಳಿದರು, "ಏನ್ ಮೀಟಿಂಗಪ್ಪಾ?" "ಬಡವರ ಮನೆ ವಿಚಾರ ಅಜ್ಜ" ಅಂದೆವು. ಅವರು ತಕ್ಷಣ ಕೇಳಿದ್ದು: "ಯಾಕೆ, ಎಲೆಕ್ಸನ್ ಬಂದ್ಬುಡ್ತಾ?"

ನಾವು ನಕ್ಕೆವು. ಅಜ್ಜ ನಗಲಿಲ್ಲ. ಅವರು ತಮಾಷೆಗೆ ಕೇಳಿರಲಿಲ್ಲ. ಅವರ ಆಯುಷ್ಯದ ಅನುಭವದಲ್ಲಿ ಮನೆ ಅನ್ನೋದು ಎಲೆಕ್ಷನ್ ಜೊತೆ ಬಂದು ಎಲೆಕ್ಷನ್ ಜೊತೆ ಹೋಗೋ ಮಾತು. ಈವತ್ತು ನಿಮ್ಮ ಮುಂದೆ ನಾವು ಇಡಬೇಕಾದ ಪ್ರಶ್ನೆಯೂ ಅದೇ. ಬಿಸಿಲು ಮಳೆಗೆ ತಲೆ ಮರೆಸಿಕೊಳ್ಳೋ ಒಂದು ಸೂರು ನಮ್ಮ ಹಕ್ಕಾಗಿ ಯಾಕೆ ಬರಲಿಲ್ಲ? ಯಾವನೋ ಪುಢಾರಿ ಮಾಡಿದ ಉಪಕಾರವಾಗಿಯೇ ಯಾಕೆ ಬಂತು?

ನಿಮ್ಮ ನಿಮ್ಮ ಊರಿನ ಕೇರಿಯನ್ನ ಒಂದು ಸಲ ಮನಸ್ಸಿನಲ್ಲಿ ನಡೆದು ನೋಡಿ. ಮೊದಲ ಸಾಲಿನಲ್ಲಿ ಒಂದೇ ಕೋಣೆಯ, ಹೆಂಚು ಜಾರಿದ ಹಳೇ ಮನೆಗಳು. ಅವು ಜನತಾ ಮನೆಗಳು, ದೇವರಾಜ ಅರಸರ ಕಾಲದವು. ಅದರ ಹಿಂದೆ ಇಂದಿರಾ ಆವಾಸ್. ಅದರಾಚೆಗೆ 1991-92ರಲ್ಲಿ ಬಂಗಾರಪ್ಪನವರ ಸರ್ಕಾರ ತಂದ ಆಶ್ರಯ. ಆಮೇಲೆ ಅಂಬೇಡ್ಕರ್ ನಿವಾಸ, ಬಸವ ವಸತಿ, 2016ರಿಂದ ಪ್ರಧಾನಮಂತ್ರಿ ಆವಾಸ್. ಗೋಡೆಗಳನ್ನ ಓದುತ್ತಾ ಹೋದರೆ ಸಾಕು, ಈ ರಾಜ್ಯವನ್ನ ಯಾವ್ಯಾವ ಪಕ್ಷ ಯಾವ್ಯಾವಾಗ ಆಳಿತು ಅಂತ ಪರೀಕ್ಷೆ ಬರೀಬಹುದು! ಒಂದು ತಮಾಷೆಯನ್ನೂ ಹೇಳಬೇಕು. ಅರಸರು ಕಾಂಗ್ರೆಸ್ಸಿನವರು, ಅವರ ಕಾಲದ ಮನೆಗೆ ಹೆಸರು ಜನತಾ ಮನೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಬಂದಾಗ ನಮ್ಮ ಕೇರಿಯ ಮುದುಕಿಯರು "ನಮ್ ಮನೆ ಪಾರ್ಟಿ ಬಂತು" ಅಂತಿದ್ದರಂತೆ. ಆ ತಾಯಂದಿರನ್ನ ನಗಬೇಡಿ. ಮನೆಗೂ ಪಾರ್ಟಿಗೂ ಗಂಟು ಹಾಕಿದವರು ಅವರಲ್ಲ.

ಅರಸರ ಕಾಲವನ್ನ ನಾವು ಸುಮ್ಮನೆ ತಳ್ಳಿಹಾಕೋದಿಲ್ಲ. 1974ರ ಮಾರ್ಚಿಯಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಉಳುವವನು ಹೊಲದೊಡೆಯನಾದ, ನಿಜ. ಆದರೆ ನಮ್ಮವರಲ್ಲಿ ಬಹಳ ಜನ ಗೇಣಿದಾರರಾಗಿರಲೇ ಇಲ್ಲವಲ್ಲ. ಜೀತದಾಳು, ಕೂಲಿಯಾಳು. ಗೇಣಿ ಚೀಟಿ ಇಲ್ಲದವನಿಗೆ ಯಾವ ಟ್ರಿಬ್ಯುನಲ್ಲು ಭೂಮಿ ಕೊಡುತ್ತೆ? ಅದೇ ಕಾಯ್ದೆಯ 38ನೇ ಕಲಮಿನಲ್ಲಿ ಮಾತ್ರ ನಮಗಾಗಿ ಒಂದು ಮಾತಿತ್ತು: ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿರುವ ಕೃಷಿ ಕೂಲಿಗೆ ಆ ಮನೆ ಜಾಗದ ಹಕ್ಕು. ಹೊಲ ಸಿಕ್ಕದವನಿಗೆ ಗುಡಿಸಲಿನ ಅಡಿಪಾಯವಾದರೂ ಸಿಗಲಿ ಅಂತ. ಇದು ಉಪಕಾರ ಅಲ್ಲ, ಕಾನೂನು. ಆದರೆ ಆ ಕಲಮು ನಮ್ಮ ಅಪ್ಪಂದಿರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ಮನೆಗಿಂತ ಮುಂಚಿನ ಪ್ರಶ್ನೆ ಜಾಗದ್ದು. ಯೋಜನೆ ಎಷ್ಟೇ ಬರಲಿ, ಕಟ್ಟೋದೆಲ್ಲಿ? ನಮ್ಮ ಕೇರಿಯ ಸುತ್ತ ಮೂರು ದಿಕ್ಕಿನಲ್ಲೂ ಇನ್ನೊಬ್ಬರ ಹೊಲ, ನಾಲ್ಕನೇ ದಿಕ್ಕಿನಲ್ಲಿ ಹಳ್ಳ. ಅರಸರ ಕಾಲದಲ್ಲಿ ಗಂಡ ಹೆಂಡತಿಗೆ ಅಂತ ಕಟ್ಟಿದ ಒಂದು ಕೋಣೆಯಲ್ಲಿ ಈಗ ಮೂರು ಒಲೆ ಉರೀತಾವೆ. ಸರ್ಕಾರ ಜಮೀನು ಕೊಂಡು ನಿವೇಶನ ಮಾಡ್ತೀನಿ ಅಂದ ತಕ್ಷಣ ಹೊಲದ ಒಡೆಯ ಕೋರ್ಟಿಗೆ ಹೋಗ್ತಾನೆ. ಉತ್ತರ ಪ್ರದೇಶದಲ್ಲಿ ಹೀಗೇ ಆಯಿತು. ಪರಿಶಿಷ್ಟ ಜಾತಿಯವರ ಮನೆಗಳಿಗೆ ಅಂತ ಜಮೀನು ವಶಪಡಿಸಿಕೊಂಡಾಗ ಒಡೆಯರು ಸುಪ್ರೀಂ ಕೋರ್ಟಿನವರೆಗೂ ಹೋದರು. ಚಮೇಲಿ ಸಿಂಗ್ ಪ್ರಕರಣ ಅದು. ತೀರ್ಪು ನಮ್ಮ ಪರ ಬಂತು. ಸೂರು ಅಂದರೆ ತಲೆ ಮೇಲೊಂದು ಮಾಡು ಮಾತ್ರ ಅಲ್ಲ, ಬೆಳಕು, ಗಾಳಿ, ನೀರು, ರಸ್ತೆ ಎಲ್ಲಾ ಸೇರಿ ಬದುಕುವ ಹಕ್ಕಿನ ಭಾಗ ಅಂತ ಕೋರ್ಟು ಹೇಳಿತು. ಕಾನೂನು ಓದೋ ಹುಡುಗ ಹುಡುಗಿಯರು ಈ ಹೆಸರನ್ನ ಬರೆದಿಟ್ಟುಕೊಳ್ಳಿ.

ಈಗ ಮತದ ಮಾತು. ನಮ್ಮ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ 2004ರಲ್ಲಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಓಟು! ಆ ಒಂದು ಓಟು ಯಾವ ಗುಡಿಸಲಿನಿಂದ ಬಂತೋ ಯಾರಿಗೂ ಗೊತ್ತಿಲ್ಲ. ಓಟಿಗೆ ಅಷ್ಟು ಬೆಲೆ ಇದೆ ಅಂತ ಪಕ್ಷಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಮನೆ ಪಟ್ಟಿ ಅವರ ಜೇಬಿನಲ್ಲಿರಬೇಕು. ಗ್ರಾಮಸಭೆಯಲ್ಲಿ ಫಲಾನುಭವಿಗಳನ್ನ ಆರಿಸಬೇಕು ಅಂತ ನಿಯಮ. ನಡೆಯೋದೇನು? ಸಹಿ ಪುಸ್ತಕ ಮನೆ ಮನೆಗೆ ಬರುತ್ತೆ, ಸಭೆ ಬರೋದಿಲ್ಲ. ಪಟ್ಟಣಗಳಲ್ಲಂತೂ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ನಮಗೆ ಗೊತ್ತಿರೋ ಒಂದು ಕೇರಿಯಲ್ಲಿ, ಊರ ಹೆಸರು ಬೇಡ, ಒಬ್ಬ ವಿಧವೆ ತಾಯಿ ಪಟ್ಟಿಗೆ ಹೆಸರು ಸೇರಿಸಿ ಅಂತ ಮೂರು ವರ್ಷ ಅಲೆದಳು. ಕೊನೆಗೆ ಅಲ್ಲಿನ ಮುಖಂಡ ಅಂದನಂತೆ: "ನಿನ್ ಮಗ ಆ ಪಾರ್ಟಿ ಬಾವುಟ ಹಿಡ್ದವ್ನಲ್ಲ, ಅವರನ್ನೇ ಕೇಳು." ಮಗ ಆಗ ಹಾಸ್ಟೆಲಿನಲ್ಲಿದ್ದ, ನಿಮ್ಮ ಹಾಗೇ. ಅವನು ಹಿಡಿದದ್ದು ಯಾವ ಪಾರ್ಟಿಯ ಬಾವುಟವೂ ಅಲ್ಲ, ಅಂಬೇಡ್ಕರ್ ಜಯಂತಿಯ ನೀಲಿ ಬಾವುಟ.

2025ರ ಜೂನ್ ತಿಂಗಳಲ್ಲಿ ಆಳಂದದ ಶಾಸಕ ಬಿ.ಆರ್. ಪಾಟೀಲರು, ಆಳುವ ಪಕ್ಷದವರೇ, ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳು ದುಡ್ಡು ಕೊಟ್ಟವರಿಗೆ ಸಿಕ್ತಾವೆ ಅಂತ ಫೋನಿನಲ್ಲಿ ಆಡಿದ ಮಾತು ರಾಜ್ಯಕ್ಕೆಲ್ಲಾ ಕೇಳಿಸಿತು. ಅದು ಆರೋಪ. ನಿಜ ಸುಳ್ಳನ್ನ ತನಿಖೆ ಹೇಳಬೇಕು. ಆದರೆ ಆ ಮಾತು ಕೇಳಿ ನಮ್ಮ ಕೇರಿಗಳಲ್ಲಿ ಒಬ್ಬರಾದರೂ ಆಶ್ಚರ್ಯಪಟ್ಟರೇ?

ಹಕ್ಕುಪತ್ರದ ಕತೆಯಂತೂ ನಾಟಕವೇ ಸರಿ. ಹಟ್ಟಿ, ಹಾಡಿ, ತಾಂಡಾಗಳಲ್ಲಿ ದಾಖಲೆ ಇಲ್ಲದೆ ತಲೆಮಾರುಗಳಿಂದ ಇರುವವರಿಗೆ ಜಾಗದ ಒಡೆತನ ಕೊಡೋಕೆ ಅದೇ 38ನೇ ಕಲಮಿಗೆ 38-ಎ ಅಂತ ಸೇರಿಸಿದರು. ಕಾಗೋಡು ತಿಮ್ಮಪ್ಪ ಕಂದಾಯ ಮಂತ್ರಿಯಾಗಿದ್ದ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಆದ ಕೆಲಸ ಅದು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಮೋದಿಯವರು 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರು. ನಾಲ್ಕು ತಿಂಗಳಿಗೆ ವಿಧಾನಸಭೆ ಚುನಾವಣೆ. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಕಾಂಗ್ರೆಸ್ ಸರ್ಕಾರ ಎರಡು ವರ್ಷದ ಸಂಭ್ರಮಕ್ಕೆ 1,11,111 ಹಕ್ಕುಪತ್ರ ಹಂಚಿತು. ಆ ಸಂಖ್ಯೆಯನ್ನ ನೋಡಿ! ಮದುವೆ ಮುಯ್ಯಿಗೆ ನೂರಾ ಒಂದು ಇಟ್ಟ ಹಾಗಿದೆ. ಪತ್ರ ಸಿಕ್ಕಿದ್ದು ಒಳ್ಳೇದೇ, ಅದನ್ನ ಅಲ್ಲಗಳೆಯೋ ಮೂರ್ಖತನ ನಮಗಿಲ್ಲ. ತಾಂಡಾದ ತಾಯಿಗೆ ಆ ಕಾಗದ ಚಿನ್ನ. ಆದರೆ ಹಕ್ಕಿನ ಪತ್ರವನ್ನ ವೇದಿಕೆ ಮೇಲೆ ಕೈಮುಗಿದು ಇಸ್ಕೊಬೇಕಾದರೆ ಅದಕ್ಕೆ ಹಕ್ಕು ಅಂತ ಯಾಕೆ ಹೆಸರಿಟ್ಟರು?

ಇದೆಲ್ಲಾ ನಮ್ಮ ಬಡ ದೇಶದ ಕತೆ, ಮುಂದುವರಿದ ದೇಶಗಳಲ್ಲಿ ಹಿಂಗಿಲ್ಲ ಅಂತ ನಿಮ್ಮಲ್ಲಿ ಯಾರಾದರೂ ಅಂದುಕೊಂಡಿದ್ದರೆ ಬ್ರಿಟನ್ನಿನ ಕಡೆ ಸ್ವಲ್ಪ ತಿರುಗಿ. ಬಾಬಾಸಾಹೇಬರು ಅಲ್ಲಿ ಓದಿದವರು. 1921-22ರಲ್ಲಿ ಅವರು ಬಾಡಿಗೆಗಿದ್ದ ಲಂಡನ್ನಿನ ಕಿಂಗ್ ಹೆನ್ರಿ ರಸ್ತೆಯ ಮನೆಯನ್ನ 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕ ಮಾಡಿತು. ಲಂಡನ್ನಿನಲ್ಲಿ ಅವರಿಗೆ ಕೋಣೆ ಸಿಕ್ಕಿತು. ವಿದೇಶದಲ್ಲಿ ಓದಿ ನೌಕರಿಗೆ ಅಂತ ಬರೋಡಾಕ್ಕೆ ಬಂದಾಗ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು.

ಆ ದೇಶದಲ್ಲೂ ಬಡವರಿಗೆ ಮನೆ ಯಾರೂ ಕರೆದು ಕೊಡಲಿಲ್ಲ. 1915ರಲ್ಲಿ ಯುದ್ಧದ ನಡುವೆ ಗ್ಲಾಸ್ಗೋ ಊರಿನ ಮಾಲೀಕರು ಬಾಡಿಗೆ ಏರಿಸಿದಾಗ ಮೇರಿ ಬಾರ್ಬರ್ ಅನ್ನೋ ಹೆಣ್ಣುಮಗಳು ಮತ್ತು ಅವಳಂಥ ಸಾವಿರಾರು ಹೆಂಗಸರು ಬಾಡಿಗೆ ಕೊಡೋದಿಲ್ಲ ಅಂತ ಬಾಗಿಲಿಗೆ ಅಡ್ಡ ನಿಂತರು. ಅದೇ ವರ್ಷ ಬಾಡಿಗೆ ತಡೆಯೋ ಕಾಯ್ದೆ ಬಂತು. 1919ರಲ್ಲಿ ಸರ್ಕಾರದ ದುಡ್ಡಿನಲ್ಲಿ ನಗರಸಭೆಗಳು ಮನೆ ಕಟ್ಟೋ ಕಾಯ್ದೆ. 1945ರ ನಂತರ ಲೇಬರ್ ಪಕ್ಷದ ಮಂತ್ರಿ ಅನೂರಿನ್ ಬೆವನ್ ಕಾಲದಲ್ಲಿ ಲಕ್ಷ ಲಕ್ಷ ಮನೆಗಳಾದವು. ಆಗ ಕನ್ಸರ್ವೇಟಿವ್ ಪಕ್ಷ ಸುಮ್ಮನಿತ್ತೇ? ವರ್ಷಕ್ಕೆ 3 ಲಕ್ಷ ಮನೆ ಕಟ್ತೀವಿ ಅಂತ 1951ರಲ್ಲಿ ಗೆದ್ದು 1953ರಲ್ಲಿ ಕಟ್ಟಿ ತೋರಿಸಿತು. ಪಕ್ಷಗಳ ಪೈಪೋಟಿಯಿಂದ ಬಡವನಿಗೆ ಲಾಭವೇ ಆಗಿಲ್ಲ ಅಂತ ಹೇಳಕ್ಕಾಗಲ್ಲ, ನೋಡಿ. ಕೆಳಗಿನಿಂದ ಒತ್ತಾಯ ಇದ್ದಾಗ ಆಗುತ್ತೆ.

1980ರಲ್ಲಿ ಥ್ಯಾಚರ್ ಸರ್ಕಾರ ಗಾಳಿ ತಿರುಗಿಸಿತು. ನಗರಸಭೆಯ ಮನೆಯಲ್ಲಿ ಬಾಡಿಗೆಗಿರುವವರು ಅರ್ಧ ಬೆಲೆಯವರೆಗೂ ರಿಯಾಯಿತಿ ಪಡೆದು ಅದನ್ನೇ ಕೊಳ್ಳಬಹುದು ಅಂತ ಕಾಯ್ದೆ ಬಂತು. ಕೊಂಡ ಕೂಲಿಕಾರನಿಗೆ ಸಂತೋಷವಾಯಿತು, ಯಾಕಾಗಬಾರದು? ಆದರೆ ಮಾರಿದ ದುಡ್ಡಿನಲ್ಲಿ ಹೊಸ ಮನೆ ಕಟ್ಟೋಕೆ ನಗರಸಭೆಗಳ ಕೈಗೆ ಸಂಕೋಲೆ ಹಾಕಿದರು. ಮನೆ ಮಾರಿದ್ದಾಯಿತು, ಸರದಿಯಲ್ಲಿ ನಿಂತವನು ಅಲ್ಲೇ ನಿಂತ.

ಅದಕ್ಕಿಂತ ನಮಗೆ ಹತ್ತಿರದ ಕತೆ ಲಂಡನ್ನಿನ ವೆಸ್ಟ್‌ಮಿನಿಸ್ಟರ್ ನಗರಸಭೆಯದು. 1986ರಲ್ಲಿ ಕನ್ಸರ್ವೇಟಿವ್ ಪಕ್ಷ ಅಲ್ಲಿ ಸ್ವಲ್ಪದರಲ್ಲಿ ಗೆದ್ದಿತು. ಆಮೇಲೆ ಶರ್ಲಿ ಪೋರ್ಟರ್ ಅನ್ನೋ ನಾಯಕಿಯ ಆಡಳಿತ, ಗೆಲುವು ಸೋಲು ತೂಗಾಡ್ತಿದ್ದ ಎಂಟು ವಾರ್ಡುಗಳಲ್ಲಿ ಬಡವರ ಬಾಡಿಗೆ ಮನೆ ಖಾಲಿಯಾದ ಹಾಗೆಲ್ಲಾ ತಮಗೆ ಓಟು ಹಾಕೋ ಅಂಥವರಿಗೆ ಮಾರಿತು. ಬಡವರನ್ನ ವಾರ್ಡಿನಿಂದ ಆಚೆ ಸಾಗಿಸಿದರೆ ವಿರೋಧಿ ಓಟೂ ಆಚೆ ಹೋಯಿತಲ್ಲ! ಲೆಕ್ಕ ಪರಿಶೋಧಕರು ಹಿಡಿದರು. 2001ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಇದು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. 2004ರಲ್ಲಿ ಆಕೆ 1 ಕೋಟಿ 23 ಲಕ್ಷ ಪೌಂಡು ಕಟ್ಟಬೇಕಾಯಿತು. ನಮ್ಮಲ್ಲಿ ಮನೆ ಕೊಟ್ಟು ಓಟು ಕಟ್ಟಿಹಾಕ್ತಾರೆ, ಅಲ್ಲಿ ಮನೆ ಕಿತ್ತು ಓಟು ಓಡಿಸಿದರು. ವ್ಯತ್ಯಾಸ ಒಂದೇ, ಅಲ್ಲಿ ಲೆಕ್ಕ ಕೇಳಿದರು, ದಂಡ ಬಿತ್ತು.

ಕೇರಿಯೂ ಅಲ್ಲಿದೆ. 1960ರ ದಶಕದಲ್ಲಿ ಸ್ಮೆದಿಕ್ ಅನ್ನೋ ಊರಿನ ಮಾರ್ಷಲ್ ಬೀದಿಯಲ್ಲಿ ಪಂಜಾಬಿಗಳು, ಕರಿಯರು ಮನೆ ಮಾಡಿದಾಗ, ಆ ಬೀದಿಯ ಖಾಲಿ ಮನೆಗಳನ್ನ ನಗರಸಭೆಯೇ ಕೊಂಡು ಬಿಳಿಯರಿಗೆ ಮಾತ್ರ ಕೊಡಬೇಕು ಅಂತ ಹೊರಟರು. 1964ರ ಪಾರ್ಲಿಮೆಂಟ್ ಚುನಾವಣೆಯನ್ನೇ ಅಲ್ಲಿ ಬಣ್ಣದ ಮೇಲೆ ಗೆದ್ದಿದ್ದರು. 1965ರ ಫೆಬ್ರವರಿಯಲ್ಲಿ ಮಾಲ್ಕಂ ಎಕ್ಸ್ ಬಂದು ಆ ಬೀದಿಯಲ್ಲಿ ನಡೆದು ಹೋದರು. ಅದಾಗಿ ಕೆಲವೇ ದಿನಕ್ಕೆ ಅಮೆರಿಕದಲ್ಲಿ ಅವರ ಕೊಲೆಯಾಯಿತು. ನಗರಸಭೆಗೆ ಆ ಮನೆಗಳನ್ನ ಕೊಳ್ಳೋಕೆ ಲಂಡನ್ನಿನ ಮಂತ್ರಿ ಒಪ್ಪಿಗೆ ಕೊಡಲಿಲ್ಲ. ಮೈಸೂರು, ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹುಡುಕಿ "ನೀವು ಯಾವ ಜನ?" ಅಂತ ಕೇಳಿಸಿಕೊಂಡವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತೋದು ಬೇಡ, ಗೊತ್ತು.

ದೂರದ ಮಾತು ಸಾಕು. ಗುಂಡ್ಲುಪೇಟೆ ದಾಟಿ ಕಾಡು ಹಾದರೆ ವಯನಾಡು, ನಮ್ಮವರು ಕೂಲಿಗೆ ಹೋಗೋ ಸೀಮೆ. ಮನೆಯ ಗೋಡೆ ಮೇಲೆ ಕೇಂದ್ರ ಯೋಜನೆಯ ಗುರುತು ಹಾಕಲೇಬೇಕು ಅಂದಾಗ, ಹಾಗೆ ಮಾಡಿದರೆ ಇದು ದಾನದ ಮನೆ ಅಂತ ಬೋರ್ಡು ಹಾಕಿದ ಹಾಗಾಗುತ್ತೆ, ಒಳಗಿರೋರ ಮಾನ ಹೋಗುತ್ತೆ ಅಂತ ಕೇರಳ ಸರ್ಕಾರ ಹಠ ಹಿಡಿಯಿತು. ಆ ಸರ್ಕಾರದ ಬಗ್ಗೆ ನಮಗೆ ಬೇರೆ ತಕರಾರುಗಳಿವೆ, ಈ ಮಾತು ಮಾತ್ರ ಸರಿ. ಶ್ರೀಮಂತನ ಸಕ್ಕರೆ ಕಾರ್ಖಾನೆಗೆ ಸರ್ಕಾರ ಸಾಲ ಮನ್ನಾ ಮಾಡಿದರೆ ಅವನ ಗೇಟಿಗೆ ಯಾರಾದರೂ ಬೋರ್ಡು ಬರೀತಾರಾ?

ಮನೆ ತಗೋಬೇಡಿ ಅಂತ ನಾವು ಹೇಳ್ತಿಲ್ಲ. ತಗೊಳ್ಳಿ, ಜಗಳ ಆಡಿ ತಗೊಳ್ಳಿ. ಇಂದಿರಾ ಆವಾಸ್ 1985ರಲ್ಲಿ ಶುರುವಾದದ್ದೇ ಪರಿಶಿಷ್ಟರಿಗೆ, ಬಿಡುಗಡೆಯಾದ ಜೀತದಾಳುಗಳಿಗೆ ಅಂತ. ಅದು ಬಿಡಿಸಿಕೊಂಡದ್ದು, ಭಿಕ್ಷೆ ಅಲ್ಲ. ಆದರೆ ನಮ್ಮವ್ವ ಅಪ್ಪ ಆ ಮನೆ ಕೊಟ್ಟವನ ಮುಂದೆ ತಲೆ ತಗ್ಗಿಸಿ ನಿಲ್ಲೋದಕ್ಕೆ ಕಾರಣ, ಟ್ರಂಕಿನಲ್ಲಿರೋ ಕಾಗದದಲ್ಲಿ ಏನಿದೆ ಅಂತ ಅವರಿಗೆ ಓದಕ್ಕೆ ಬಾರದೇ ಇರೋದು. ನಿಮಗೆ ಬರುತ್ತೆ.

ಈ ಸಲ ಊರಿಗೆ ಹೋದಾಗ ಆ ಕಾಗದ ತೆಗೆಸಿ. ಹಕ್ಕುಪತ್ರ ಯಾರ ಹೆಸರಲ್ಲಿದೆ, ಅವ್ವನ ಹೆಸರು ಇದೆಯೋ ಇಲ್ಲವೋ ನೋಡಿ. ಚಕ್ಕುಬಂದಿ ಓದಿ, ಟೇಪು ಹಿಡಿದು ಜಾಗ ಅಳೆಯಿರಿ, ಕಾಗದದ ಅಳತೆಗೂ ನೆಲದ ಅಳತೆಗೂ ತಾಳೆ ಆಗ್ತದಾ ಅಂತ. ಪಂಚಾಯ್ತಿಯಲ್ಲಿ ಇ-ಸ್ವತ್ತಿನ 9 ಮತ್ತು 11ನೇ ನಮೂನೆ ಆಗಿದೆಯಾ ಕೇಳಿ. ಆಗಿಲ್ಲ ಅಂದರೆ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ, ಬಾಯಿಮಾತು ಬೇಡ. ಫಲಾನುಭವಿ ಪಟ್ಟಿಯನ್ನ ನೋಟಿಸ್ ಬೋರ್ಡಿಗೆ ಹಾಕಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಸಹಿ ಪುಸ್ತಕ ಮನೆಗೆ ಬಂದರೆ "ಸಭೆ ಯಾವತ್ತು?" ಅಂತ ಕೇಳಿ, ಸಹಿ ಹಾಕಬೇಡಿ ಅಂತ ಅವ್ವನಿಗೆ ಹೇಳಿಬನ್ನಿ. ಕಾಗದಗಳ ನಕಲು ಇಟ್ಟುಕೊಂಡು ಮುಂದಿನ ಭಾನುವಾರದ ಸಭೆಗೆ ಬನ್ನಿ. ಒಂದೊಂದೇ ಬಿಡಿಸಿ ಒಟ್ಟಿಗೆ ಕುಂತು ಓದೋಣ. ಯಾರ ಮನೆಯಲ್ಲಿ ಕಾಗದವೇ ಇಲ್ಲವೋ ಅವರದ್ದನ್ನ ಮೊದಲು ತಗೊಳ್ಳೋಣ.

ಜೈ ಭೀಮ್.