ನಿಯಮ ಬರೆಯುವ ವಿದ್ಯೆ: ಸಂಸ್ಥೆಗಳ ಗಣಕಜಾಲಕ್ಕೆ ಫೈರ್‌ವಾಲ್ ರಕ್ಷಣೆ

(ಭಾಷಣದ ಪಠ್ಯ)



2022ನೆಯ ಇಸವಿಯ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗಣಕ ವ್ಯವಸ್ಥೆ ಸ್ತಬ್ಧವಾಯಿತು. ಹೊರರೋಗಿಗಳ ನೋಂದಣಿ, ಒಳರೋಗಿಗಳ ದಾಖಲಾತಿ, ಪ್ರಯೋಗಾಲಯದ ವರದಿ ಇವೆಲ್ಲವನ್ನೂ ಸಿಬ್ಬಂದಿ ವರ್ಗದವರು ಕೈಬರಹದಲ್ಲಿ ನಿರ್ವಹಿಸಬೇಕಾಯಿತು. ದೂರದ ಊರುಗಳಿಂದ ಬಂದ ರೋಗಿಗಳು ಉದ್ದುದ್ದ ಸಾಲುಗಳಲ್ಲಿ ಕಾಯಬೇಕಾಯಿತು. ಐದು ಸರ್ವರ್‌ಗಳು ದಾಳಿಗೆ ಒಳಗಾಗಿ, ಸುಮಾರು 1.3 ಟೆರಾಬೈಟ್‌ನಷ್ಟು ಮಾಹಿತಿಯನ್ನು ದುಷ್ಕರ್ಮಿಗಳು ಓದಲಾಗದ ಗೂಢಲಿಪಿಗೆ ಪರಿವರ್ತಿಸಿದ್ದರು. ಇದಕ್ಕೆ ಕಾರಣವೇನೆಂಬ ಪ್ರಶ್ನೆಗೆ ಸರ್ಕಾರವು ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಉತ್ತರ ನೀಡಿತು. ಪ್ರಾಥಮಿಕ ವಿಶ್ಲೇಷಣೆಯ ಪ್ರಕಾರ, ಸಂಸ್ಥೆಯ ಜಾಲವನ್ನು ಸಮರ್ಪಕವಾಗಿ ವಿಭಾಗಿಸದೆ ಇದ್ದುದೇ ಆ ಕಾರಣವಾಗಿತ್ತು.

ಜಾಲವನ್ನು ವಿಭಾಗಿಸುವುದು ಎಂದರೇನು? ಅದನ್ನು ಮಾಡುವವರು ಯಾರು? ಯಾವ ಉಪಕರಣದಿಂದ? ಆ ಕೆಲಸವನ್ನು ಕಲಿಯುವ ಬಗೆ ಹೇಗೆ? ಇಂದು ನಾನು ನಿಮ್ಮ ಮುಂದಿಡಲಿರುವುದು ಈ ನಾಲ್ಕು ಪ್ರಶ್ನೆಗಳನ್ನು. ನಾನು ತಂತ್ರಜ್ಞನಲ್ಲ; ಆಡಳಿತದ ಆದೇಶಗಳನ್ನೂ ಕೈಪಿಡಿಗಳನ್ನೂ ಕನ್ನಡಕ್ಕೆ ತರುವುದು ನನ್ನ ವೃತ್ತಿ. ಈ ವಿಷಯದ ಬರಹಗಳನ್ನು ಅನುವಾದಿಸುತ್ತಿದ್ದಾಗ ನನಗೆ ಮನವರಿಕೆಯಾದ ಸಂಗತಿ ಒಂದುಂಟು. ಫೈರ್‌ವಾಲ್ ಎಂಬ ಯಂತ್ರದ ಹೃದಯದಲ್ಲಿರುವುದು ವಾಕ್ಯಗಳು. ಆ ವಾಕ್ಯಗಳು ನಿಖರವಾಗಿದ್ದರೆ ರಕ್ಷಣೆ ಉಂಟು. ಸಡಿಲವಾಗಿದ್ದರೆ ಎಷ್ಟು ಬೆಲೆಬಾಳುವ ಯಂತ್ರವನ್ನು ತಂದಿಟ್ಟರೂ ಪ್ರಯೋಜನವಿಲ್ಲ.

ಫೈರ್‌ವಾಲ್ ಎಂಬ ಹೆಸರು ಕಟ್ಟಡ ನಿರ್ಮಾಣದಿಂದ ಬಂದದ್ದು. ಒಂದು ಭಾಗಕ್ಕೆ ಹತ್ತಿದ ಬೆಂಕಿ ಮತ್ತೊಂದು ಭಾಗಕ್ಕೆ ಹರಡದಂತೆ ಕಟ್ಟುವ ದಪ್ಪ ಗೋಡೆಗೆ ಆ ಹೆಸರು. ಗಣಕಲೋಕದಲ್ಲಿ ಅದರ ಅಗತ್ಯವನ್ನು ಎತ್ತಿ ತೋರಿಸಿದ ಘಟನೆಗಳಲ್ಲಿ ಮುಖ್ಯವಾದುದು 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಹಬ್ಬಿದ ಮಾರಿಸ್ ವರ್ಮ್. ತಾನಾಗಿಯೇ ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲಾಗುತ್ತ ಸಾಗಿದ ಆ ಕ್ರಮವಿಧಿ ಸಾವಿರಾರು ಗಣಕಯಂತ್ರಗಳನ್ನು ನಿಷ್ಕ್ರಿಯಗೊಳಿಸಿತು. ಮೊದಲ ಫೈರ್‌ವಾಲ್‌ಗಳು ಹಾದುಹೋಗುವ ಪ್ರತಿಯೊಂದು ಪ್ಯಾಕೆಟ್ಟಿನ, ಅಂದರೆ ಮಾಹಿತಿಯ ಪೊಟ್ಟಣದ, ವಿಳಾಸವನ್ನು ಮಾತ್ರ ನೋಡುತ್ತಿದ್ದವು. 1990ರ ದಶಕದ ಮಧ್ಯಭಾಗದಲ್ಲಿ ಇನ್ನಷ್ಟು ಜಾಣ ಉಪಕರಣಗಳು ಬಳಕೆಗೆ ಬಂದವು. ಒಳಗಿನಿಂದ ಯಾರು ಯಾವ ಸಂಪರ್ಕವನ್ನು ಆರಂಭಿಸಿದರು ಎಂಬುದನ್ನು ಇವು ನೆನಪಿನಲ್ಲಿಟ್ಟುಕೊಂಡು, ಅದಕ್ಕೆ ಬಂದ ಉತ್ತರವನ್ನಷ್ಟೇ ಒಳಗೆ ಬಿಡುತ್ತವೆ. ವಸತಿ ಸಮುಚ್ಚಯದ ಕಾವಲುಗಾರನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಹೊರಗೆ ಹೋದವರು ಮರಳಿದಾಗ ಗುರುತಿಸಿ ಬಿಡುವಂತೆ ಇದು.

ಈಗ ನಿಯಮದ ವಿಷಯಕ್ಕೆ ಬರೋಣ. ಫೈರ್‌ವಾಲಿನ ಪ್ರತಿಯೊಂದು ನಿಯಮವೂ ಒಂದು ಕಚೇರಿ ಆದೇಶದಂತಿರುತ್ತದೆ. ಯಾವ ವಿಳಾಸದಿಂದ, ಯಾವ ವಿಳಾಸಕ್ಕೆ, ಯಾವ ಸೇವೆಗಾಗಿ, ಅನುಮತಿಯೇ ನಿರಾಕರಣೆಯೇ ಎಂಬ ನಾಲ್ಕು ಅಂಶಗಳು ಅದರಲ್ಲಿರುತ್ತವೆ. ಸೇವೆಯನ್ನು ಪೋರ್ಟ್ ಎಂಬ ಸಂಖ್ಯೆಯಿಂದ ಗುರುತಿಸುತ್ತಾರೆ. ಸುರಕ್ಷಿತ ವೆಬ್ ತಾಣಗಳಿಗೆ 443, ಅಂಚೆ ರವಾನೆಗೆ 25, ವಿಂಡೋಸ್ ಗಣಕಗಳ ಕಡತ ಹಂಚಿಕೆಗೆ 445 ಹೀಗೆ. ಮೊದಲ ಮೂರು ಅಂಶಗಳಲ್ಲಿ ಯಾವುದನ್ನೂ ನಿಗದಿಪಡಿಸದೆ ‘ಯಾವುದಾದರೂ’ ಎಂದು ಬಿಟ್ಟುಬಿಡುವ ಸೌಲಭ್ಯವನ್ನೂ ಯಂತ್ರ ನೀಡುತ್ತದೆ. ಅನರ್ಥಕ್ಕೆ ಮೂಲ ಇದೇ. ‘ಯಾರಾದರೂ, ಯಾವ ಕಡತವನ್ನಾದರೂ, ಯಾವ ಕೊಠಡಿಗಾದರೂ ಕೊಂಡೊಯ್ಯಬಹುದು’ ಎಂಬ ಆದೇಶಕ್ಕೆ ಯಾವ ಅಧಿಕಾರಿಯೂ ಸಹಿ ಹಾಕಲಾರನು. ಆದರೆ ಕೆಲಸ ನಿಂತಿದೆ, ಬೇಗ ಸರಿಪಡಿಸಿ ಎಂಬ ಒತ್ತಡ ಬಂದಾಗ ಅದೇ ಅರ್ಥದ ನಿಯಮವನ್ನು ಯಂತ್ರದಲ್ಲಿ ತಾತ್ಕಾಲಿಕವಾಗಿ ಬರೆಯುವವರು ಅನೇಕರು. ಆ ತಾತ್ಕಾಲಿಕ ನಿಯಮ ವರ್ಷಗಟ್ಟಲೆ ಹಾಗೆಯೇ ಉಳಿದುಬಿಡುತ್ತದೆ. ಆದ್ದರಿಂದ ಕಲಿಯುವವನ ಮೊದಲ ಪಾಠ ಹೀಗಿರಬೇಕು: ಎಲ್ಲವನ್ನೂ ನಿರಾಕರಿಸು, ಅಗತ್ಯವೆಂದು ಸಿದ್ಧವಾದುದನ್ನು ಮಾತ್ರ ಅನುಮತಿಸು, ಪ್ರತಿಯೊಂದು ಅನುಮತಿಯ ಪಕ್ಕದಲ್ಲಿಯೂ ಅದರ ಕಾರಣವನ್ನೂ ದಿನಾಂಕವನ್ನೂ ಬರೆ.

ಎರಡನೆಯ ಪಾಠ ನಿಯಮಗಳ ಅನುಕ್ರಮದ್ದು. ಮುಂಬಯಿ, ಪುಣೆಗಳಲ್ಲಿ ನಮ್ಮವರು ನಡೆಸುವ ಹೋಟೆಲುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಬಿಲ್ಲು ಬರೆಯುವ ಗಣಕಯಂತ್ರ ಉಂಟು, ಕಾವಲು ಕ್ಯಾಮೆರಾಗಳುಂಟು, ಗ್ರಾಹಕರಿಗಾಗಿ ವೈ-ಫೈ ಉಂಟು. ಮಾಲೀಕರು ಈ ಮೂರಕ್ಕೂ ಮೂರು ಪ್ರತ್ಯೇಕ ಜಾಲಗಳನ್ನು ಮಾಡಿಸಿದ್ದಾರೆಂದು ಭಾವಿಸೋಣ. ಬಿಲ್ಲಿನ ಯಂತ್ರ 192.168.10 ಎಂದು ಆರಂಭವಾಗುವ ವಿಳಾಸಗಳಲ್ಲಿ, ಕ್ಯಾಮೆರಾಗಳು 192.168.20ರಲ್ಲಿ, ಗ್ರಾಹಕರು 192.168.30ರಲ್ಲಿ ಇದ್ದಾರೆ. ಗ್ರಾಹಕರ ಜಾಲಕ್ಕೆ ಎರಡು ನಿಯಮಗಳು ಬೇಕು. ಒಂದು, ಒಳಗಿನ ಉಳಿದ ಜಾಲಗಳಿಗೆ ಪ್ರವೇಶ ನಿರಾಕರಣೆ. ಎರಡು, ಉಳಿದೆಲ್ಲ ವಿಳಾಸಗಳಿಗೆ, ಅಂದರೆ ಅಂತರಜಾಲಕ್ಕೆ, ಅನುಮತಿ. ಬಹುತೇಕ ಉಪಕರಣಗಳು ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿಕೆಯಾದ ನಿಯಮದಂತೆ ನಡೆದು ಅಲ್ಲಿಗೇ ನಿಲ್ಲುತ್ತವೆ. ಎರಡನೆಯದನ್ನು ಕೈತಪ್ಪಿ ಮೇಲೆ ಬರೆದರೆ, ‘ಎಲ್ಲ ವಿಳಾಸಗಳಿಗೆ’ ಎಂಬುದರಲ್ಲಿ ಬಿಲ್ಲಿನ ಯಂತ್ರವೂ ಸೇರಿಹೋಗಿ, ನಿರಾಕರಣೆಯ ಸರದಿ ಬರುವುದೇ ಇಲ್ಲ. ಎರಡೂ ವಾಕ್ಯಗಳು ಸರಿಯಾಗಿಯೇ ಇವೆ. ಕ್ರಮ ಬದಲಾದ ಮಾತ್ರಕ್ಕೆ ಕಾಫಿ ಕುಡಿಯಲು ಬಂದ ಅಪರಿಚಿತನು ಹೋಟೆಲಿನ ಲೆಕ್ಕಪತ್ರದ ಯಂತ್ರವನ್ನು ತಲುಪಬಲ್ಲನು.

ಮೂರನೆಯ ಪಾಠ ಇನ್ನೂ ಮುಖ್ಯವಾದುದು. ಫೈರ್‌ವಾಲು ತನ್ನ ಮೂಲಕ ಹಾದುಹೋಗುವ ಸಂಚಾರವನ್ನು ಮಾತ್ರ ಪರಿಶೀಲಿಸಬಲ್ಲುದು. ಬಿಲ್ಲಿನ ಯಂತ್ರ, ಕ್ಯಾಮೆರಾ, ವೈ-ಫೈ ಮೂರನ್ನೂ ಒಂದೇ ಸ್ವಿಚ್ಚಿಗೆ, ಒಂದೇ ಜಾಲದಲ್ಲಿ ಜೋಡಿಸಿದ್ದರೆ ಅವು ಪರಸ್ಪರ ನೇರವಾಗಿ ಮಾತನಾಡುತ್ತವೆ. ಬಾಗಿಲಲ್ಲಿ ನಿಂತ ಫೈರ್‌ವಾಲಿಗೆ ಅದರ ಸುಳಿವೂ ಹತ್ತುವುದಿಲ್ಲ. ಆದ್ದರಿಂದ ಸ್ವಿಚ್ಚಿನಲ್ಲಿ ವಿ-ಲ್ಯಾನ್ ಎಂಬ ವಿಧಾನದಿಂದ ಜಾಲವನ್ನು ಭಾಗ ಮಾಡಿ, ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಫೈರ್‌ವಾಲಿನ ಮೂಲಕವೇ ಹಾಯಿಸಬೇಕು. ವಿಭಜನೆ ಎಂದರೆ ಇದು. 2017ರ ಮೇ 12ರಂದು ಆರಂಭವಾದ ವಾನ್ನಾಕ್ರೈ ದಾಳಿ 445ನೆಯ ಪೋರ್ಟಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ಹಬ್ಬಿ, ಬ್ರಿಟನ್ನಿನ ಆಸ್ಪತ್ರೆಗಳನ್ನೂ ತಟ್ಟಿತು. ವಿಭಾಗಿಸದ ಜಾಲದಲ್ಲಿ ಒಂದು ಯಂತ್ರಕ್ಕೆ ತಗುಲಿದ ಸೋಂಕು ಎಲ್ಲ ಯಂತ್ರಗಳಿಗೂ ದಾರಿ ಕಂಡುಕೊಳ್ಳುತ್ತದೆ. ವಿಭಾಗಿಸಿದ ಜಾಲದಲ್ಲಿ ಹಾನಿಯನ್ನು ಒಂದು ಕೊಠಡಿಗೆ ಸೀಮಿತಗೊಳಿಸಲು ಸಾಧ್ಯವಾಗುತ್ತದೆ.

ಅನಗತ್ಯ ಪೋರ್ಟನ್ನು ತೆರೆದಿಡುವುದರ ಪರಿಣಾಮಕ್ಕೆ ಮತ್ತೊಂದು ನಿದರ್ಶನ 2003ರ ಜನವರಿ 25ರದು. ಎಸ್‌ಕ್ಯೂಎಲ್ ಸ್ಲ್ಯಾಮರ್ ಎಂಬ ಕೇವಲ 376 ಬೈಟುಗಳ ಕ್ರಮವಿಧಿ 1434ನೆಯ ಪೋರ್ಟಿನ ಮೂಲಕ ನುಗ್ಗಿ, ದುರ್ಬಲವಾಗಿದ್ದ ಯಂತ್ರಗಳಲ್ಲಿ ಹೆಚ್ಚಿನ ಪಾಲನ್ನು ಸುಮಾರು 10 ನಿಮಿಷಗಳಲ್ಲಿ ಆಕ್ರಮಿಸಿತು. ದೋಷ ನಿವಾರಣೆಯ ತಿದ್ದುಪಡಿ ಆರು ತಿಂಗಳ ಹಿಂದೆಯೇ ಲಭ್ಯವಿತ್ತು. ಹೊರಗಿನವರಿಗೆ ಆ ಪೋರ್ಟಿನ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲವನ್ನೂ ನಿರಾಕರಿಸುವ ಮೂಲನಿಯಮವಿದ್ದ ಜಾಲಗಳಿಗೆ ಹೊರಗಿನಿಂದ ಆ ದಾರಿಯೇ ಮುಚ್ಚಿರುತ್ತಿತ್ತು.

ಕಲಿಯಬಯಸುವ ಯುವಕ ಯುವತಿಯರು ಎಲ್ಲಿಂದ ಆರಂಭಿಸಬೇಕು? ದುಬಾರಿ ಯಂತ್ರವನ್ನು ಕೊಳ್ಳಬೇಕಾಗಿಲ್ಲ. ಎರಡು ಜಾಲಸಂಪರ್ಕ ಕಾರ್ಡುಗಳಿರುವ ಹಳೆಯ ಗಣಕಯಂತ್ರದಲ್ಲಿ ಪಿಎಫ್‌ಸೆನ್ಸ್ ಅಥವಾ ಒಪಿಎನ್‌ಸೆನ್ಸ್ ಎಂಬ ತಂತ್ರಾಂಶವನ್ನು ಉಚಿತವಾಗಿ ಅಳವಡಿಸಿ ಅಭ್ಯಾಸ ಮಾಡಬಹುದು. ಮೊದಲು ಕಾಗದದ ಮೇಲೆ ಜಾಲದ ನಕ್ಷೆಯನ್ನು ಬರೆಯಿರಿ: ಯಾವ ಯಂತ್ರ ಎಲ್ಲಿದೆ, ಯಾವುದಕ್ಕೆ ಯಾವುದರೊಡನೆ ಸಂಪರ್ಕ ಬೇಕು. ಆನಂತರ ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಾಯಿಸಿ. ಉಪಕರಣದ ಆಡಳಿತ ಪುಟವು ಹೊರಗಿನಿಂದ ತೆರೆಯದಂತೆ ಮಾಡಿ, ಒಳಗಿನ ಒಂದೇ ಜಾಲಕ್ಕೆ ಸೀಮಿತಗೊಳಿಸಿ. ಯಂತ್ರದ ಅಂತರ್ಗತ ತಂತ್ರಾಂಶವನ್ನು ನವೀಕರಿಸಿ. ಫೈರ್‌ವಾಲಿನಲ್ಲಿಯೇ ದೋಷಗಳು ಕಂಡುಬಂದು ದಾಳಿಗೆ ದಾರಿಯಾದ ಪ್ರಸಂಗಗಳುಂಟು. ಆಮೇಲೆ ಒಂದೊಂದಾಗಿ ನಿಯಮಗಳನ್ನು ಬರೆದು, ಪ್ರತಿಯೊಂದನ್ನೂ ಪರೀಕ್ಷಿಸಿ. ಅನುಮತಿಸಿದ್ದು ನಡೆಯುತ್ತದೆಯೇ ಎಂದು ನೋಡಿದರೆ ಸಾಲದು. ನಿರಾಕರಿಸಿದ್ದು ನಿಜವಾಗಿಯೂ ನಿಂತಿದೆಯೇ ಎಂದೂ ನೋಡಬೇಕು. ಎನ್‌ಮ್ಯಾಪ್ ಎಂಬ ಸಾಧನ ತೆರೆದ ಪೋರ್ಟುಗಳನ್ನು ಪಟ್ಟಿ ಮಾಡುತ್ತದೆ. ಅದನ್ನು ನಿಮ್ಮ ಸ್ವಂತ ಜಾಲದ ಮೇಲೆ ಮಾತ್ರ ಪ್ರಯೋಗಿಸಬೇಕು. ಅನುಮತಿಯಿಲ್ಲದೆ ಅನ್ಯರ ಗಣಕವನ್ನು ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಪ್ರಕಾರ ಶಿಕ್ಷಾರ್ಹವಾಗಬಹುದು.

ಅಭ್ಯಾಸಿಗಳು ಮಾಡುವ ತಪ್ಪೊಂದನ್ನು ಇಲ್ಲಿ ಹೇಳಬೇಕು. ದೂರದಲ್ಲಿ ಕುಳಿತು ನಿಯಮ ತಿದ್ದುವಾಗ ತನ್ನದೇ ಪ್ರವೇಶವನ್ನು ಮುಚ್ಚಿಕೊಳ್ಳುವುದು ಸುಲಭ. ಆದುದರಿಂದ ಬದಲಾವಣೆಗೆ ಮುನ್ನ ಇಡೀ ಸಂರಚನೆಯ ಪ್ರತಿಯೊಂದನ್ನು ಬೇರೆಡೆ ಉಳಿಸಿಕೊಳ್ಳಬೇಕು, ಯಂತ್ರಕ್ಕೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಕೈಗೆಟಕುವಂತಿರಬೇಕು. ಈ ಮಟ್ಟದ ಅಭ್ಯಾಸವಾದ ಮೇಲೆ ಯಾವ ಕಂಪನಿಯ ಯಂತ್ರವಾದರೂ ಅಪರಿಚಿತವೆನಿಸದು. ಪರದೆಯ ವಿನ್ಯಾಸ ಬೇರೆ, ಪದಗಳು ಬೇರೆ. ಒಳಗಿನ ವ್ಯಾಕರಣ ಒಂದೇ.

ನಿಯಮಗಳ ಸಂಖ್ಯೆ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ. ಅವಿಷಾಯ್ ವೂಲ್ ಎಂಬ ಸಂಶೋಧಕರು ಬೇರೆ ಬೇರೆ ಸಂಸ್ಥೆಗಳ 37 ಫೈರ್‌ವಾಲುಗಳ ಸಂರಚನೆಯನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಯಮಾವಳಿ ಜಟಿಲವಾದಷ್ಟೂ ತಪ್ಪುಗಳು ಹೆಚ್ಚುವುದನ್ನು ಕಂಡರು. ಆದ್ದರಿಂದ ಮೂರು ತಿಂಗಳಿಗೊಮ್ಮೆಯಾದರೂ ನಿಯಮಗಳನ್ನು ಓದಿ, ಅವಧಿ ಮುಗಿದವನ್ನು ಅಳಿಸಬೇಕು. ಕಾರಣ ಬರೆದಿಡದ ನಿಯಮವನ್ನು ಅಳಿಸಲು ಯಾರಿಗೂ ಧೈರ್ಯ ಬಾರದು. ಪ್ರತಿ ನಿಯಮಕ್ಕೂ ಕಾರಣ ಬರೆಯಿರಿ ಎಂದು ಆರಂಭದಲ್ಲಿಯೇ ಹೇಳಿದ್ದು ಇದಕ್ಕಾಗಿ.

ಫೈರ್‌ವಾಲು ಬರೆದಿಡುವ ದಿನಚರಿಯೂ ಅಷ್ಟೇ ಮುಖ್ಯ. ಭಾರತೀಯ ಗಣಕ ತುರ್ತು ಸ್ಪಂದನ ತಂಡ, ಅಂದರೆ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸರ್ಕಾರಿ ಸಂಸ್ಥೆಗಳೂ ಕಂಪನಿಗಳೂ ತಮ್ಮ ವ್ಯವಸ್ಥೆಗಳ ದಿನಚರಿ ದಾಖಲೆಗಳನ್ನು 180 ದಿನಗಳವರೆಗೆ ಕಾಪಾಡಬೇಕು; ನಿರ್ದಿಷ್ಟ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು; ಯಂತ್ರಗಳ ಗಡಿಯಾರಗಳನ್ನು ಅಧಿಕೃತ ಕಾಲಮಾನಕ್ಕೆ ಹೊಂದಿಸಬೇಕು. ಗಡಿಯಾರ ಹೊಂದಿಕೆಯಾಗದ ಎರಡು ಯಂತ್ರಗಳ ದಾಖಲೆಗಳನ್ನು ಪಕ್ಕಪಕ್ಕ ಇಟ್ಟರೆ ಕಳ್ಳನು ಯಾವ ಬಾಗಿಲಿನಿಂದ ಮೊದಲು ಬಂದನೆಂದು ಹೇಳುವುದೇ ಕಷ್ಟವಾಗುತ್ತದೆ.

ಬಂಧುಗಳೇ, ಫೈರ್‌ವಾಲು ಸರ್ವರೋಗ ನಿವಾರಕವಲ್ಲ. ನೌಕರನು ವಂಚನೆಯ ಮಿಂಚಂಚೆಯನ್ನು ನಂಬಿ ಗುಪ್ತಪದವನ್ನು ತಾನೇ ಒಪ್ಪಿಸಿದರೆ ಅದು ಏನು ಮಾಡೀತು? ಮಾಹಿತಿಯ ಪ್ರತಿಯನ್ನು ಜಾಲದಿಂದ ಬೇರ್ಪಡಿಸಿ ಇಡುವುದೂ, ತಂತ್ರಾಂಶಗಳನ್ನು ಕಾಲಕಾಲಕ್ಕೆ ನವೀಕರಿಸುವುದೂ ಅದರ ಜೊತೆಯಲ್ಲಿಯೇ ನಡೆಯಬೇಕಾದ ಕೆಲಸಗಳು. ಆದರೆ ಈ ವಿದ್ಯೆ ಕೆಲವೇ ತಜ್ಞರ ಸೊತ್ತೆಂದು ದೂರ ನಿಲ್ಲುವುದು ಸರಿಯಲ್ಲ. ಮುಂಬಯಿಯಲ್ಲಾಗಲಿ, ಚೆನ್ನೈ, ಹೈದರಾಬಾದುಗಳಲ್ಲಾಗಲಿ, ನಮ್ಮ ಸಹಕಾರಿ ಸಂಘಗಳಲ್ಲಿ, ಶಾಲೆಗಳಲ್ಲಿ, ಚಿಕಿತ್ಸಾಲಯಗಳಲ್ಲಿ ಫೈರ್‌ವಾಲನ್ನು ಅಳವಡಿಸಿಕೊಟ್ಟು ಹೋದವರು ಏನು ಬರೆದು ಹೋದರೆಂದು ಕೇಳುವ ಹಕ್ಕು ಅಲ್ಲಿಯ ಕಾರ್ಯದರ್ಶಿಗಳಿಗೂ ಮುಖ್ಯಸ್ಥರಿಗೂ ಉಂಟು. ನಿಯಮಗಳ ಪಟ್ಟಿಯನ್ನು ಮುದ್ರಿಸಿ ತರಿಸಿಕೊಳ್ಳಿ. ‘ಯಾವುದಾದರೂ’ ಎಂಬ ಪದ ಕಂಡಲ್ಲೆಲ್ಲ ಬೆರಳಿಟ್ಟು, ಇದು ಏಕೆ ಎಂದು ಪ್ರಶ್ನಿಸಿ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ತರುಣರು ನಮ್ಮ ನಡುವಿನಿಂದಲೇ ಸಿದ್ಧರಾಗಲಿ ಎಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.