ಇರುವೆ ಕುಟುಕಿದಾಗ ಓಡಿ ಬರುವ ಮದ್ದು

ಮಕ್ಕಳೇ, ದುಬೈ, ಅಬುಧಾಬಿಯ ಪಾರ್ಕುಗಳಲ್ಲಿ ಆಡುವಾಗ ಮರಗಳ ಬುಡದಲ್ಲಿ ಹಾದುಹೋಗುವ ಕಪ್ಪು ಪೈಪನ್ನು ನೋಡಿದ್ದೀರಲ್ಲವೇ? ಅದರ ತೂತುಗಳಿಂದ ನೀರು ಹನಿಹನಿಯಾಗಿ ಇಳಿಯುತ್ತದೆ. ಮರಳುನಾಡಿನಲ್ಲಿ ಅಷ್ಟೊಂದು ಹಸಿರು ಉಳಿದಿರುವುದೇ ಆ ಹನಿಗಳಿಂದ. ಆ ತೇವದ ಮಣ್ಣು ಬೇವಿಗೂ ಖರ್ಜೂರದ ಮರಕ್ಕೂ ಬೇಕು. ಒಂದು ಪುಟ್ಟ ಕಪ್ಪು ಇರುವೆಗೂ ಅದು ಬಲು ಇಷ್ಟ.

ಅದರ ಹೆಸರು ಸಮ್ಸುಮ್ ಇರುವೆ. ಉದ್ದ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು. ಅದರ ಮೂಲ ನೆಲೆ ಆಫ್ರಿಕಾ. ಅದು ಬಾಯಿಂದ ಕಚ್ಚಿ ಸುಮ್ಮನಾಗುವ ಇರುವೆಯಲ್ಲ, ಹಿಂಬದಿಯ ಮುಳ್ಳಿನಿಂದ ಕುಟುಕುತ್ತದೆ. ಹೆಚ್ಚಿನವರಿಗೆ ಸ್ವಲ್ಪ ಹೊತ್ತು ಉರಿ, ಒಂದಿಷ್ಟು ಊತ, ಅಷ್ಟೇ. ಆದರೆ ಕೆಲವೇ ಕೆಲವರ ದೇಹ ಆ ಚೂರು ವಿಷಕ್ಕೆ ವಿಪರೀತ ಗಾಬರಿಯಾಗುತ್ತದೆ. ಎಮಿರೇಟ್ಸಿನ ಇಂಥ ರೋಗಿಗಳ ಬಗ್ಗೆ 1990ರ ದಶಕದಲ್ಲೇ ವೈದ್ಯರು ಬರೆದಿದ್ದಾರೆ.

ಗಾಬರಿಯಾದ ದೇಹ ಮಾಡುವುದೇನು? ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ರಕ್ತಕ್ಕೆ ಸುರಿದುಬಿಡುತ್ತದೆ. ರಕ್ತನಾಳಗಳು ಸಡಿಲವಾಗಿ ಅಗಲವಾಗುತ್ತವೆ, ಸೋರತೊಡಗುತ್ತವೆ. ಪಾರ್ಕಿನ ಪೈಪನ್ನು ಈಗ ನೆನಪಿಸಿಕೊಳ್ಳಿ. ಅದರ ತೂತುಗಳೆಲ್ಲ ಒಮ್ಮೆಲೇ ದೊಡ್ಡದಾದರೆ? ಪಂಪು ಓಡುತ್ತಲೇ ಇರುತ್ತದೆ, ಆದರೆ ಸಾಲಿನ ಕೊನೆಯ ಗಿಡಕ್ಕೆ ಹನಿಯೂ ತಲುಪುವುದಿಲ್ಲ. ನಮ್ಮ ಪಂಪು ಹೃದಯ. ಕೊನೆಯ ಗಿಡ ಮೆದುಳು ಎಂದಿಟ್ಟುಕೊಳ್ಳಿ. ರಕ್ತದೊತ್ತಡ ಕುಸಿದು ತಲೆ ಸುತ್ತುತ್ತದೆ. ಜೊತೆಗೆ ಶ್ವಾಸನಾಳಗಳು ಕಿರಿದಾಗಿ ಉಸಿರು ಸಿಕ್ಕಿಕೊಳ್ಳುತ್ತದೆ. ವೈದ್ಯರು ಇದನ್ನು ಅನಾಫಿಲಾಕ್ಸಿಸ್ ಎನ್ನುತ್ತಾರೆ.

ಇದಕ್ಕೆ ಮೊದಲ ಮದ್ದು ಅಡ್ರಿನಾಲಿನ್. ಸೋಜಿಗವೆಂದರೆ, ಅದು ನಿಮ್ಮೊಳಗೂ ಇದೆ! ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ಅದನ್ನು ತಯಾರಿಸುತ್ತವೆ. ಶಾಲೆಯ ವೇದಿಕೆ ಹತ್ತಿದಾಗ ಎದೆ ಢವಢವ ಎನ್ನುತ್ತದಲ್ಲ, ಅದರಲ್ಲಿ ಇದರ ಕೈವಾಡವಿದೆ. ಸುಮಾರು 1901ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ಲೋಕಕ್ಕೆ ತೋರಿಸಿದರು.

ಆಂಬುಲೆನ್ಸಿನಲ್ಲಿ ಬೇರೆ ಮದ್ದುಗಳೂ ಇರುತ್ತವೆ. ಅವುಗಳನ್ನು ವಿಂಗಡಿಸುವ ಒಂದು ದಾರಿ, ಯಾವುದು ಏನು ಕೆಲಸ ಮಾಡುತ್ತದೆ ಎಂದು ನೋಡುವುದು. ಹಿಸ್ಟಮಿನನ್ನು ತಡೆಯುವ ಮದ್ದು ತುರಿಕೆ ಇಳಿಸುತ್ತದೆ, ಕುಸಿದ ರಕ್ತದೊತ್ತಡವನ್ನು ಎತ್ತಲಾರದು. ಸಾಲ್ಬುಟಮಾಲ್ ಉಸಿರಿನ ದಾರಿಯನ್ನಷ್ಟೇ ತೆರೆಯುತ್ತದೆ. ಸ್ಟೀರಾಯ್ಡ್‌ಗಳ ಕೆಲಸ ಕಾಣಲು ಗಂಟೆಗಳೇ ಬೇಕು. ಅಡ್ರಿನಾಲಿನ್ ಮಾತ್ರ ಸಡಿಲ ನಾಳಗಳನ್ನು ಬಿಗಿ ಮಾಡುತ್ತದೆ, ಹೃದಯಕ್ಕೆ ಬಲ ಕೊಡುತ್ತದೆ, ಉಸಿರಿನ ದಾರಿಯನ್ನೂ ತೆರೆಯುತ್ತದೆ, ಅದೂ ಕೆಲವೇ ನಿಮಿಷಗಳಲ್ಲಿ. ಅದಕ್ಕೇ ಅದು ಸಾಲಿನಲ್ಲಿ ಮೊದಲು.

ಎಷ್ಟು ಕೊಡಬೇಕು? ಅದನ್ನು ಹೇಳುವುದು ಮಗುವಿನ ತೂಕ. ಒಂದು ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ನೀವು 20 ಕಿಲೋ ಇದ್ದರೆ ಲೆಕ್ಕ ಮಾಡಿ ನೋಡೋಣ. 0.2 ಮಿಲಿಗ್ರಾಂ, ಸರಿಯೇ? ಎಷ್ಟೇ ದೊಡ್ಡ ದೇಹದವರಿಗೂ ಒಂದು ಸಲಕ್ಕೆ 0.5 ಮಿಲಿಗ್ರಾಂ ದಾಟಿಸುವುದಿಲ್ಲ. ಸೂಜಿ ಚುಚ್ಚುವುದು ತೊಡೆಯ ಹೊರಬದಿಯ ಸ್ನಾಯುವಿಗೆ, ಅಲ್ಲಿಂದ ಮದ್ದು ಬೇಗ ರಕ್ತಕ್ಕೆ ಸೇರುತ್ತದೆ. ಅದು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಆದ್ದರಿಂದ ಚೇತರಿಕೆ ಕಾಣದಿದ್ದರೆ ಐದು ನಿಮಿಷದ ನಂತರ ಮತ್ತೊಮ್ಮೆ ಕೊಡುತ್ತಾರೆ.

ಆದರೆ ಉಸಿರಾಡಲು ಒದ್ದಾಡುವ ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸುವುದು ಹೇಗೆ? ಇದಕ್ಕೆ ಅಮೆರಿಕದ ವೈದ್ಯ ಜೇಮ್ಸ್ ಬ್ರೋಸೆಲೋ 1980ರ ದಶಕದಲ್ಲಿ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಅವರು ಮಾಡಿದ್ದು ಬಣ್ಣಬಣ್ಣದ ಒಂದು ಅಳತೆ ಪಟ್ಟಿ. ಮಲಗಿದ ಮಗುವಿನ ಪಕ್ಕದಲ್ಲಿ ತಲೆಯಿಂದ ಹಿಮ್ಮಡಿಯವರೆಗೆ ಅದನ್ನು ಹಾಸುತ್ತಾರೆ. ಮಕ್ಕಳಲ್ಲಿ ಉದ್ದವೂ ತೂಕವೂ ಹೆಚ್ಚುಕಡಿಮೆ ಜೊತೆಯಾಗಿ ಬೆಳೆಯುತ್ತವೆ. ಹಾಗಾಗಿ ಹಿಮ್ಮಡಿ ಮುಟ್ಟಿದ ಬಣ್ಣವೇ ತೂಕದ ಅಂದಾಜು ಹೇಳುತ್ತದೆ. ಆ ಬಣ್ಣದ ಚೌಕದಲ್ಲಿ ಮದ್ದಿನ ಪ್ರಮಾಣವೂ ಬರೆದಿರುತ್ತದೆ. ಅವಸರದಲ್ಲಿ ಲೆಕ್ಕ ತಪ್ಪುವ ಸಾಧ್ಯತೆ ಕಡಿಮೆಯಾಗುತ್ತದೆ. ದೊಡ್ಡ ದೊಡ್ಡ ಯಂತ್ರಗಳ ನಡುವೆ ಒಂದು ಪಟ್ಟಿ ಪುಟ್ಟ ಜೀವಕ್ಕೆ ಇಷ್ಟು ನೆರವಾಗುವುದು ಎಂಥ ಚಂದ!

ಇನ್ನು ನಿಮ್ಮ ಪಾಲಿನ ಕೆಲಸ. ಇರುವೆಯೋ ಜೇನೋ ಕುಟುಕಿದ ಮೇಲೆ ಗೆಳೆಯನಿಗೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿದರೆ ಅಥವಾ ತಲೆ ಸುತ್ತಿದರೆ ಕೂಡಲೇ ದೊಡ್ಡವರನ್ನು ಕೂಗಿ. ಅವನನ್ನು ಎದ್ದು ನಡೆಯಲು ಬಿಡಬೇಡಿ, ನಿಂತರೆ ರಕ್ತ ಇನ್ನಷ್ಟು ಕೆಳಗಿಳಿಯುತ್ತದೆ. ಮಲಗಿಸಿ. ಮಲಗಿದರೆ ಉಸಿರಾಟ ಕಷ್ಟವಾಗುವುದಾದರೆ ಕಾಲು ಚಾಚಿ ಕೂರಿಸಿ. ಅವನ ಬ್ಯಾಗಿನಲ್ಲಿ ಅಡ್ರಿನಾಲಿನ್ ಪೆನ್ (ಪೆನ್ನಿನಂಥ ಚುಚ್ಚುಮದ್ದು) ಇದ್ದರೆ ಅದು ಎಲ್ಲಿದೆ ಎಂದು ದೊಡ್ಡವರಿಗೆ ತೋರಿಸಿ. ಎಮಿರೇಟ್ಸಿನಲ್ಲಿ ಆಂಬುಲೆನ್ಸ್ ಕರೆಯುವ ಸಂಖ್ಯೆ 998. ಇವತ್ತೇ ಬಾಯಿಪಾಠ ಮಾಡಿಕೊಳ್ಳಿ, ಕರೆ ಮಾಡಿದಾಗ ನೀವಿರುವ ಜಾಗದ ಹೆಸರನ್ನು ಮೊದಲು ಹೇಳಿ.