ದಂಡಿನ ಮನೆಯ ಮಕ್ಕಳು



ಬೆಂಗಳೂರಿನ ದಂಡು 1809ರಲ್ಲಿ ಏರ್ಪಟ್ಟುದು. ಅಂದಿನಿಂದ ನಮ್ಮ ಊರಿನವರು ಪಟಾಲಮಿನ ಕವಾಯತನ್ನೂ ಬ್ಯಾಂಡಿನ ವಾದ್ಯವನ್ನೂ ಬೇಕಾದಷ್ಟು ನೋಡಿ ಕೇಳಿದ್ದಾರೆ. ಕವಾಯತಿನ ಮೈದಾನದ ಆಚೆ, ಸಾಲುಮನೆಗಳಲ್ಲಿ ಬೆಳೆಯುವ ಮಕ್ಕಳ ಕಡೆಗೆ ಮಾತ್ರ ನಮ್ಮ ದೃಷ್ಟಿ ಅಷ್ಟಾಗಿ ಹರಿದುದಿಲ್ಲ. ಈ ಹೊತ್ತು ಆ ಮಕ್ಕಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ದಂಡಿಗೆ ಸಮೀಪದ ಒಂದು ಶಾಲೆಯಲ್ಲಿ ಹಲವು ವರ್ಷ ಪಾಠ ಹೇಳಿದ ಸಲಿಗೆಯ ಹೊರತು ನಮಗೆ ಇದರಲ್ಲಿ ಬೇರೆ ಅಧಿಕಾರವೇನೂ ಇಲ್ಲ.

ಸೈನ್ಯದವರ ಮಾತಿನಲ್ಲಿ ಊರುಗಳು ಎರಡೇ ಬಗೆ. ಒಂದು ‘ಪೀಸ್’, ಇನ್ನೊಂದು ‘ಫೀಲ್ಡ್’. ಮೊದಲನೆಯದಕ್ಕೆ ಹೆಂಡತಿ ಮಕ್ಕಳನ್ನು ಕರೆದೊಯ್ಯಬಹುದು, ಎರಡನೆಯದಕ್ಕೆ ಕೂಡದು. ಎರಡು ಮೂರು ವರ್ಷಕ್ಕೊಮ್ಮೆ ಹುಕುಂ ಬರುವುದು. ತಂದೆಯ ಹೆಸರು, ನಂಬರುಗಳನ್ನು ಬಿಳಿಯ ಬಣ್ಣದಲ್ಲಿ ಬರೆದ ಕರಿಯ ಟ್ರಂಕುಗಳು ಹೊರಡುವುವು. ತೇಜಪುರದಲ್ಲಿ ಅಕ್ಷರ ಕಲಿತ ಮಗು ಜೋಧಪುರದಲ್ಲಿ ಮಗ್ಗಿ ಕಲಿತು ಬೆಂಗಳೂರಿನಲ್ಲಿ ವ್ಯಾಕರಣಕ್ಕೆ ಕೂಡುವುದು. ಹೀಗೆ ಊರೂರಿಗೂ ಪಾಠ ಕಡಿದುಹೋಗಬಾರದೆಂದು ಭಾರತ ಸರ್ಕಾರದವರು 1962ರಲ್ಲಿ ಒಂದು ಯೋಜನೆಯನ್ನು ಒಪ್ಪಿದರು. 1963ರಲ್ಲಿ ಇಪ್ಪತ್ತು ರೆಜಿಮೆಂಟಿನ ಶಾಲೆಗಳನ್ನು ವಹಿಸಿಕೊಂಡು ಕೇಂದ್ರೀಯ ವಿದ್ಯಾಲಯಗಳಿಗೆ ಬುನಾದಿ ಹಾಕಿದರು. ಪುಸ್ತಕದ ಪಾಠವೇನೋ ಊರಿಂದೂರಿಗೆ ಮುಂದುವರಿಯಿತು. ಗೆಳೆಯರನ್ನು ಜೊತೆಯಲ್ಲಿ ವರ್ಗ ಮಾಡಿಸಿಕೊಳ್ಳುವ ಉಪಾಯವನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ.

ಈ ಮಕ್ಕಳಲ್ಲಿ ಒಂದು ಚಾತುರ್ಯವುಂಟು. ಹೊಸ ತರಗತಿಗೆ ಬಂದ ಅರ್ಧ ದಿನದಲ್ಲಿ ಯಾರು ಜಗಳಗಂಟ, ಯಾರು ಬುತ್ತಿಯನ್ನು ಹಂಚಿಕೊಳ್ಳುವವ, ಯಾವ ಉಪಾಧ್ಯಾಯರ ಕೋಪ ನಿಜವಾದುದು, ಎಲ್ಲವನ್ನೂ ತಿಳಿದುಬಿಡುವರು. ಇದನ್ನು ಕಂಡು ನಾವು ‘ಗಟ್ಟಿ ಮಕ್ಕಳು’ ಎಂದು ತಲೆದೂಗುವೆವು.

ಆ ಗಟ್ಟಿತನದ ವಿಷಯದಲ್ಲಿ ನಮ್ಮ ಜನ ಹೇಳುವ ಕಥೆಯೊಂದಿದೆ. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ ತಮ್ಮ ವಿಮಾನ ಉರುಳಿದಾಗ ಪಾಕಿಸ್ತಾನದ ಸೆರೆಯಾದರು. ದೇಶ ವಿಭಾಗವಾಗುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸಮಾಡಿದ್ದ ಅಯೂಬ್ ಖಾನರು ಬಿಡುಗಡೆಯ ಮಾತನ್ನೆತ್ತಿದರೂ ಆ ಹಿರಿಯರು ಮಗನಿಗೆ ವಿಶೇಷ ದಯೆಯನ್ನು ಬೇಡಲಿಲ್ಲ. ಕೊಡಗಿನಲ್ಲಿ ಇದನ್ನು ಅಭಿಮಾನದಿಂದ ನೆನೆಯುತ್ತಾರೆ, ನೆನೆಯಬೇಕಾದುದೇ ಸರಿ. ಆದರೆ ಅದು ತಂದೆಯ ಸ್ಥೈರ್ಯ. ಮಗನಾದರೂ ಆಗ ಬೆಳೆದು ನಿಂತ ಅಧಿಕಾರಿ. ಹನ್ನೊಂದು ವರ್ಷದ ಹುಡುಗನನ್ನು ಅದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯವೇ? ನಾವು ಒಮ್ಮೆ ಹಾಗೆ ಅಳೆದೆವು.

1999ರ ಜೂನ್ ತಿಂಗಳು. ಕಾರ್ಗಿಲಿನ ಯುದ್ಧ ನಡೆದಿತ್ತು. ಧಾರವಾಡದ ಕಡೆಯ ಹವಾಲ್ದಾರರೊಬ್ಬರ ಮಗನು ನಮ್ಮ ಆರನೆಯ ತರಗತಿಯಲ್ಲಿದ್ದನು. ತಂದೆ ಗಡಿಗೆ ಹೋಗಿದ್ದರು. ತಾಯಿಯೂ ಮಕ್ಕಳೂ ಇಲ್ಲಿಯ ಮನೆಯಲ್ಲಿ ಉಳಿದಿದ್ದರು. ಹುಡುಗನ ಮುಖದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ನಾವು ಅವನನ್ನು ಎಲ್ಲರೆದುರಿಗೆ ನಿಲ್ಲಿಸಿ, ಸಿಪಾಯಿಯ ಮಗನೆಂದರೆ ಹೀಗಿರಬೇಕು ಎಂದು ಹೊಗಳಿದೆವು. ಆಮೇಲೆ ಅವನು ದಿನವೂ ಕಾಲು ಗಂಟೆ ತಡವಾಗಿ ಬರತೊಡಗಿದನು. ಗದರಿಸಿದೆವು. ತಲೆ ತಗ್ಗಿಸಿ ನಿಂತನೇ ವಿನಾ ಕಾರಣ ಹೇಳಲಿಲ್ಲ. ಎರಡು ವಾರವಾದ ಮೇಲೆ ಸಹಪಾಠಿಯೊಬ್ಬನಿಂದ ಸಂಗತಿ ತಿಳಿಯಿತು. ಮಕ್ಕಳು ಹೆದರಬಾರದೆಂದು ತಾಯಿ ಮನೆಯಲ್ಲಿ ಟೆಲಿವಿಷನ್ನನ್ನು ಹಾಕುತ್ತಿರಲಿಲ್ಲ, ಪತ್ರಿಕೆಯನ್ನು ನಿಲ್ಲಿಸಿದ್ದರು, ಯುದ್ಧದ ಮಾತನ್ನೇ ಆಡುತ್ತಿರಲಿಲ್ಲ. ಹುಡುಗನು ಬೀದಿಯ ಕೊನೆಯ ಕ್ಷೌರದ ಅಂಗಡಿಯಲ್ಲಿ ನಿಂತು, ಮಡಿದವರ ಹೆಸರುಗಳನ್ನು ಒಂದೊಂದಾಗಿ ಓದಿ ಮುಗಿಸಿ ಶಾಲೆಗೆ ಬರುತ್ತಿದ್ದನು. ಓದಿದುದನ್ನು ತಾಯಿಗೆ ಹೇಳುವಂತಿಲ್ಲ, ಆಕೆ ಹೆದರಿಯಾಳು. ನಮಗೆ ಹೇಳುವಂತಿಲ್ಲ, ನಾವು ಅವನನ್ನು ಧೀರನೆಂದು ಹೊಗಳಿಬಿಟ್ಟಿದ್ದೆವು. ಬಾಯಿಗೆ ಹಾಕಿದ ಬೀಗದಲ್ಲಿ ಒಂದು ನಮ್ಮದೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಂ ಎಂಬ ವಿದುಷಿಯರು ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ಶಿಶುಗೃಹಗಳನ್ನು ನಡೆಸಿದರು. ಮನೆಯವರಿಂದ ಅಗಲಿದ ಮಗುವಿಗೆ ಆಗುವ ಘಾಸಿ, ತಾಯಿಯ ಮಗ್ಗುಲಲ್ಲಿದ್ದು ಬಾಂಬಿನ ಸದ್ದನ್ನು ಕೇಳಿದ ಮಗುವಿಗೆ ಆಗುವುದಿಲ್ಲವೆಂದು ಅವರು ಕಂಡರು. ಅಮೆರಿಕದ ಆನ್ ಮಾಸ್ಟನ್ ಎಂಬವರು 2001ರಲ್ಲಿ ಬರೆದ ಲೇಖನದಲ್ಲಿ, ಕಷ್ಟದಿಂದ ಚೇತರಿಸಿಕೊಳ್ಳುವ ಮಕ್ಕಳಲ್ಲಿ ಅಪೂರ್ವ ಶಕ್ತಿಯೇನೂ ಇರುವುದಿಲ್ಲ, ಅಕ್ಕರೆಯ ಹಿರಿಯರಂತಹ ಸಾಮಾನ್ಯ ಆಸರೆಗಳೇ ಅವರನ್ನು ಎತ್ತಿ ನಿಲ್ಲಿಸುವುವು ಎಂಬ ಅಭಿಪ್ರಾಯವನ್ನು ಮುಂದಿಟ್ಟರು. ನಮ್ಮ ಅಜ್ಜಿಯರು ಇದನ್ನು ಓದದೆಯೇ ಬಲ್ಲವರಾಗಿದ್ದರೆಂದು ಹೇಳಿದರೆ ಪಂಡಿತರು ಕ್ಷಮಿಸಬೇಕು.

ನಾವು ಆ ತಾಯಿಯನ್ನು ಕಂಡು ನಡೆದುದನ್ನು ಹೇಳಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ನಾ ಅಳೂದು ಅವಗ ಕಾಣಬಾರದು ಅಂತ ಮಾಡಿದ್ದೆರೀ” ಎಂದರು. ಅಂದಿನಿಂದ ಬೆಳಗಿನ ಪತ್ರಿಕೆ ಮತ್ತೆ ಮನೆಗೆ ಬಂದಿತು. ತಾಯಿ ಮಗ ಕೂಡಿಯೇ ಓದುತ್ತಿದ್ದರು. ಕೆಲವು ದಿನ ಕೂಡಿಯೇ ಅಳುತ್ತಿದ್ದರೆಂದೂ ಕೇಳಿದ್ದೇವೆ. ತಂದೆಗೆ ಪತ್ರ ಬರೆಯುವ ಕೆಲಸ ಹುಡುಗನ ಪಾಲಿಗೆ ಬಂದಿತು. ವಿಳಾಸದಲ್ಲಿ ಊರಿನ ಹೆಸರಿಲ್ಲ, ‘56 ಎ.ಪಿ.ಓ.’ ಎಂದಷ್ಟೇ. ಊರಿಲ್ಲದ ಕಾಗದ ಹೇಗೆ ಮುಟ್ಟುವುದೆಂದು ಅವನು ನಮ್ಮನ್ನು ಕೇಳಿದನು. ಅದೇ ಅವನು ನಮ್ಮೊಡನೆ ತಾನಾಗಿ ಆಡಿದ ಮೊದಲ ಮಾತು.

ಜುಲೈ 26ಕ್ಕೆ ಯುದ್ಧ ಮುಗಿಯಿತು. ತಂದೆ ರಜೆಯ ಮೇಲೆ ಬಂದುದು ದೀಪಾವಳಿಗೆ. ಮನೆಗೆ ಬಂದವರ ತೊಡೆಯ ಮೇಲೆ ಕೂಡಲು ಎರಡು ವರ್ಷದ ಮಗಳು ಒಪ್ಪಲೇ ಇಲ್ಲವಂತೆ. ಗೋಡೆಯ ಮೇಲಿನ ಪಟವನ್ನು ತೋರಿಸಿ ಅಪ್ಪ ಅಲ್ಲಿದ್ದಾನೆಂದಳಂತೆ. ಆ ಹವಾಲ್ದಾರರು ನಗುತ್ತಲೇ ಇದನ್ನು ನಮಗೆ ಹೇಳಿದರು. ಹೇಳುತ್ತ ಹೇಳುತ್ತ ಟೋಪಿಯನ್ನು ತೆಗೆದು ಮತ್ತೆ ಹಾಕಿಕೊಂಡರು. ಮುಂದಿನ ಏಪ್ರಿಲಿನಲ್ಲಿ ವರ್ಗದ ಹುಕುಂ ಬಂದಿತು. ಹುಡುಗನು ಶಾಲೆಯನ್ನು ಬಿಟ್ಟ ಪತ್ರವನ್ನು ತೆಗೆದುಕೊಳ್ಳಲು ಬಂದಾಗ ಗೆಳೆಯನ ಹೆಗಲಿಗೆ ಒರಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದನು. ಈ ಸಲ ನಾವು ಏನನ್ನೂ ಹೇಳದೆ, ಪತ್ರಕ್ಕೆ ರುಜು ಹಾಕುವುದನ್ನು ಸ್ವಲ್ಪ ತಡಮಾಡಿದೆವು.